ಬಸ್ ಶೆಡ್ಡಿನಲ್ಲಿ ನಿನ್ನ ಮಗಳು ಹಾಡಿದಳು

ಲೋ ಕೋಗಿಲೆ,

ಸತ್ತವರಿಗೆ ಅಂಚೆ ಮುಟ್ಟುವುದಿಲ್ಲ ಅನ್ನುವಷ್ಟು ಬುದ್ಧಿ ನನಗೂ ಇದೆ. ಆದರೂ ನಿನಗೇ ಹೇಳಬೇಕು. ಈ ಸಂಜೆ ನಮ್ಮ ಹಳೇ ಬಯಲಾಟದ ಮೇಳದ ಆಟ ಬಸ್ ರಿಪೇರಿ ಶೆಡ್ಡಿನಲ್ಲಿ ನಡೆಯಿತು. ರಾಜ ಎರಡು ಕೆಟ್ಟ ಬಸ್ಸುಗಳ ನಡುವಿನಿಂದ ಬಿಜಯಂಗೈದ. ರಾಣಿಯ ಸೆರಗಿಗೆ ಗ್ರೀಸ್ ಮೆತ್ತಿಕೊಂಡಿತು. ನಾನು ಟಯರಿನ ಮೇಲೆ ಕೂತು ಅಕ್ಕಪಕ್ಕದವರನ್ನು ನಗಿಸುತ್ತಿದ್ದೆ.

ಹಾಡುವವರ ಸಾಲಿನಲ್ಲಿ ನಿನ್ನ ಮಗಳಿದ್ದಳು. ನಾನೂ ಹಳೇ ಚಾಳಿಯಿಂದ ಗುನುಗುತ್ತಿದ್ದೆ. ನಾನು ಉಸಿರೆಳೆಯುವ ಕಡೆ ನೀನು ಸಾಲು ಎತ್ತಿಕೊಳ್ಳುತ್ತಿದ್ದೆಯಲ್ಲ, ಅವಳೂ ಸರಿಯಾಗಿ ಅಲ್ಲೇ ಎತ್ತಿಕೊಂಡಳು. ಗುನುಗುವುದನ್ನು ಬಿಟ್ಟು ಅವಳ ಹಾಡನ್ನೇ ಕೇಳುತ್ತಾ ಕೂತೆ.

ಆಟ ಮುಗಿದ ಮೇಲೆ ಅವಳನ್ನು ಕೇಳಿಯೇಬಿಟ್ಟೆ.

"ನಿಮ್ಮಪ್ಪ ನನ್ ಜೊತೆ ಹಾಡೋದು ಯಾಕಮ್ಮ ಬಿಟ್ಟ? ಕೋಪ ಇಳೀಲಿ ಅಂತ ನಾನೂ ನಿಮ್ಮನೆ ಕಡೆ ತಲೆ ಹಾಕ್ಲಿಲ್ಲ. ಅಷ್ಟರಲ್ಲಿ ಅವನೇ ಹೋಗ್ಬಿಟ್ಟ."

"ಕೋಪ ಎಲ್ಲಿತ್ತು ಚಿಕ್ಕಪ್ಪ? ಗಂಟಲಲ್ಲಿ ಗಡ್ಡೆ ಆಗಿತ್ತು. ದನಿ ಹೋಗ್ತಾ ಇತ್ತು."

"ನನಗ್ಯಾಕೆ ಹೇಳಲಿಲ್ಲ?"

ಅವಳು ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದಳು: "ಹೇಳೋಣ ಅಂತ ನಾನಂದೆ. ಬೇಡ, ಅವನು ಇದನ್ನೂ ತಮಾಷೆ ಮಾಡಿ ಊರನ್ನೆಲ್ಲ ನಗಿಸ್ತಾನೆ, ನನ್ ಕೈಲಿ ತಡ್ಕೊಳ್ಳೋಕೆ ಆಗಲ್ಲ ಅಂದ್ರು ಅಪ್ಪ."

ಇಲ್ಲಮ್ಮ, ಹಾಗೆ ಮಾಡುತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಆಗಲೂ ಕಣೋ, ನಾಲಿಗೆಯ ತುದಿಗೆ ಮೊದಲು ಬಂದದ್ದು ತಮಾಷೆಯೇ. ಅದನ್ನು ನುಂಗಿಕೊಂಡು ಬಾಯಿ ತೆರೆದ ಹಾಗೇ ನಿಂತೆ.

ಅದೂ ನನ್ನ ತಮಾಷೆಯೇ ಇರಬೇಕೆಂದು ಅವಳು ನಕ್ಕುಬಿಟ್ಟಳು.