ಪಟ್ಟಿಯ ಹಿಂದಿನ ಗೋಡೆ

ಬೆಂಗೇರಿ,
21 ಏಪ್ರಿಲ್ 2025

ಸಾನ್ವಿಯ ಅಪ್ಪನವರಿಗೆ ನಮಸ್ಕಾರ.

ಇದು ಜಗಳದ ಕಾಗದವಲ್ಲ, ಓದದೆ ಹರಿಯಬೇಡಿ. ನೀವು ನನ್ನ ನಂಬರು ಬ್ಲಾಕ್ ಮಾಡಿ ಏಳು ತಿಂಗಳಾಯಿತು. ಬೇರೆಯವರ ಫೋನು ಬೇಡಿ ನಿಮ್ಮ ಮುಂದೆ ಸಣ್ಣವಳಾಗಲು ನನಗೆ ಮನಸ್ಸಿಲ್ಲ. ಬಣ್ಣ ಹಚ್ಚುವ ದಸ್ತಗೀರಸಾಬರು ತಾರಿಹಾಳಕ್ಕೆ ಕೆಲಸಕ್ಕೆ ಹೊರಟಿದ್ದಾರೆ, ನಿಮ್ಮ ಕಾರ್ಖಾನೆಯ ಗೇಟಿನಲ್ಲಿ ಕೊಡಲು ಹೇಳಿದ್ದೇನೆ. ಲಕೋಟೆಯ ಮೇಲೆ ಹನಮೇಶ ಎಂದು ಬರೆಯಲು ಕೈ ಬರಲಿಲ್ಲ, ಮಗಳಿಂದ ಬರೆಸಿದೆ.

ವಿಷಯ ಮನೆಯದು. ಮುಂದಿನ ಗೋಡೆಗೆ ನೀವು ಹೊಡೆಸಿದ ಆ ತಿಳಿನೀಲಿ ಪ್ಲಾಸ್ಟಿಕ್ ಪಟ್ಟಿಗಳು ಎರಡೇ ಬೇಸಿಗೆಗೆ ಬಿಳುಚಿಕೊಂಡವು. ಕೈಯಾಡಿಸಿದರೆ ಬೂದಿಯಂಥ ಪುಡಿ. ಪಕ್ಕದ ಮನೆಯ ಹುಲಿಗೆವ್ವ ನಲ್ಲಿಯ ಹತ್ತಿರ, "ಗಂಡ ಹೋದ, ಬಣ್ಣಾನೂ ಹೋತು ನೋಡ್ರಿ" ಎಂದು ನನಗೆ ಕೇಳಿಸುವಂತೆಯೇ ಅಂದಳು. ಮೈ ಉರಿದುಹೋಯಿತು. ಮರುದಿನವೇ ದಸ್ತಗೀರಸಾಬರನ್ನು ಕರೆಸಿ, ದಾಳಿಂಬೆಯಂಥ ಕಡುಗೆಂಪು ಹಚ್ಚಿರಿ ಎಂದೆ. ಅವರು ಪಟ್ಟಿ ತೊಳೆಯುತ್ತ, "ಬ್ಯಾಡ್ರಿ ಅಕ್ಕಾರ. ಪ್ಲಾಸ್ಟಿಕ್ ಐತಿ, ಕಡು ಬಣ್ಣ ಬಿಸಲು ಎಳಿತೈತಿ, ಪಟ್ಟಿ ಉಬ್ಬತಾವ. ತಿಳೀದ ಹಚ್ಚೂಣು" ಎಂದರು. ಹಚ್ಚೂದು ನಿಮ್ಮ ಕೆಲಸ, ಆರಿಸೂದು ನಂದು ಎಂದು ಬಾಯಿ ಮುಚ್ಚಿಸಿದೆ. ನಿಮ್ಮ ನೀಲಿಯ ಸುಳಿವೂ ಉಳಿಯಬಾರದೆಂಬ ಹಟ ನನಗೆ. ಒಪ್ಪಿಕೊಳ್ಳುತ್ತೇನೆ.

ಎಂಟೇ ದಿನ. ಮಧ್ಯಾಹ್ನವಾದರೆ ಗೋಡೆ ಟಕ್ ಟಕ್ ಎನ್ನತೊಡಗಿತು. ಪಟ್ಟಿಗಳು ಹಪ್ಪಳದ ಹಾಗೆ ಉಬ್ಬಿ ಸ್ಕ್ರೂ ಕಿತ್ತುಕೊಂಡವು. ನಿನ್ನೆ ಸಾಬರು ಬಂದು ಬಾಗಿಲ ಪಕ್ಕದ ಎರಡು ಪಟ್ಟಿ ಬಿಚ್ಚಿದವರು ನನ್ನನ್ನು ಹೊರಗೆ ಕರೆದರು. ಗೋಡೆಯಲ್ಲಿ ಬಿರುಕು. ನೆಲದಿಂದ ಎದ್ದು ಕಿಟಕಿಯ ಮೂಲೆ ದಾಟಿ ಮೇಲೆ ಹೋಗಿದೆ. ನನ್ನ ಕಿರುಬೆರಳು ಅದರೊಳಗೆ ಹಿಡಿಯುತ್ತದೆ. ಅದರ ಉದ್ದಕ್ಕೂ ಪೆನ್ಸಿಲಿನ ಅಡ್ಡಗೆರೆಗಳು, ಪ್ರತಿ ಗೆರೆಯ ಪಕ್ಕ ಒಂದು ತಾರೀಖು. ಅಕ್ಷರ ನಿಮ್ಮದು. "ಬಿರುಕು ಎಲ್ಲಿಗೆ ಮುಟ್ಟೇತಿ ಅಂತ ಗುರುತು ಹಾಕ್ಯಾರ್ರಿ ಮಾಲಕರು. ಎರಿ ಮಣ್ಣಿನ ನೆಲ, ಬ್ಯಾಸಗ್ಯಾಗ ಬಾಯಿ ಬಿಡತೈತಿ, ಗ್ವಾಡೀನೂ ಸೀಳತೈತಿ" ಎಂದರು ಸಾಬರು.

ಮೊದಲ ಗೆರೆ ನೀವು ಪಟ್ಟಿ ಹೊಡೆಸಿದ ವಾರದ್ದು. ಅಯ್ಯೋ, ಆಗ ನಾನು ಏನೆಲ್ಲ ಅಂದೆ! ಅಡುಗೆಮನೆ ಸೋರುವಾಗ ಹೊರಗೆ ಡೌಲು ಎಂದೆ. ನಮ್ಮಪ್ಪ ಹೊಳೆಯಪ್ಪ ಕೈಯಾರೆ ಕಟ್ಟಿದ ಗೋಡೆ, ನೂರು ವರ್ಷ ಅಲುಗುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಅಂಗಿ ಯಾಕೆ ಎಂದು ನಿಮ್ಮ ಗೆಳೆಯರ ಮುಂದೆ ಆಡಿ ತೋರಿಸಿದೆ. ಕಳೆದ ಸೆಪ್ಟೆಂಬರಿನಲ್ಲಿ ಅದೇ ಮಾತು ಮತ್ತೆ ಎತ್ತಿದಾಗ ಚೀಲ ಹಿಡಿದು ಹೊರಟಿರಿ. ನಮ್ಮಪ್ಪನ ಗೋಡೆ ಬಿರಿದಿದೆ ಎಂದು ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೂ ನಾನು ನಂಬುತ್ತಿರಲಿಲ್ಲ, ಅದೂ ಖರೇ.

ಆದರೆ ಗೆರೆಗಳು ಸೆಪ್ಟೆಂಬರಿಗೆ ನಿಂತಿಲ್ಲ. ನವೆಂಬರ್ 12. ಜನವರಿ 9. ಮಾರ್ಚ್ 20. ನಾನು ಹೊಲಿಗೆ ಕೆಲಸಕ್ಕೆ, ಸಾನ್ವಿ ಸಾಲೆಗೆ ಹೋದ ಹೊತ್ತು ನೋಡಿ ಬಂದು, ಪಟ್ಟಿ ಬಿಚ್ಚಿ, ಗುರುತು ಹಾಕಿ, ಮತ್ತೆ ಕೂಡಿಸಿ ಹೋಗಿದ್ದೀರಿ. ನಂಬರು ಬ್ಲಾಕ್ ಮಾಡಿದ ಮನುಷ್ಯ!

ಸಾನ್ವಿಯನ್ನು ಇವತ್ತು ರಾಯಾಪುರಕ್ಕೆ ರೇಣವ್ವಕ್ಕನ ಮನೆಗೆ ಕಳಿಸುತ್ತೇನೆ. ನಾನು ಹಿಂದಿನ ಕೋಣೆಯಲ್ಲಿರುತ್ತೇನೆ. ಬೀದಿಯಲ್ಲಿ ಟ್ರಕ್ಕು ಹೋದರೂ ಎದ್ದು ಬಂದು ಬಿರುಕು ನೋಡುತ್ತೇನೆ. ಗೋಡೆ ನಿಲ್ಲುತ್ತದೋ ಇಲ್ಲವೋ, ಯಾವ ಗೌಂಡಿಯನ್ನು ಕರೆಸಬೇಕು, ಎರಡು ಸಾಲು ಬರೆದು ಸಾಬರ ಕೈಯಲ್ಲಿ ಕೊಡಿ. ನೀವು ಬರಬೇಕೆಂದೇನೂ ಇಲ್ಲ.

ಇಂತಿ,
ಸಾನ್ವಿಯ ತಾಯಿ
ದ್ರಾಕ್ಷಾಯಿಣಿ

ತಾ.ಕ.: ಕಾಗದ ಮಡಚುವ ಮೊದಲು ಸಾನ್ವಿಯ ಪೆನ್ಸಿಲು ತೆಗೆದುಕೊಂಡು ಬಿರುಕಿನ ತುದಿಗೆ ನಾನೇ ಗೆರೆ ಎಳೆದು ಇವತ್ತಿನ ತಾರೀಖು ಬರೆದೆ. ನಿಮ್ಮ ಮಾರ್ಚ್ ಗೆರೆಗಿಂತ ನಾಲ್ಕು ಬೆರಳು ಮೇಲಿದೆ. ಬರಬೇಕೆಂದೇನೂ ಇಲ್ಲ ಎಂದು ಬರೆದದ್ದು ಸುಳ್ಳು. ನನಗ ಅಂಜಿಕಿ ಆಗಾಕತ್ತೈತ್ರಿ. ಲಗೂ ಬರ್ರಿ. ಈ ಸಲ ನಾ ಮನ್ಯಾಗ ಇದ್ದಾಗ ಬರ್ರಿ.