ಬ್ಯಾಟರಿಯ ಮೇಲೆ ಬರೆದ ಓಕೆ

ಮೇ ೧೪, ಬುಧವಾರ

ಆ ಬ್ಯಾಟರಿಯ ಮೇಲೆ ನಾನೇಕೆ ‘ಓಕೆ’ ಎಂದು ಬರೆದೆ?

ಇವತ್ತು ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯಲ್ಲಿ ಕರೆಂಟ್ ಹೋದ ಎರಡೇ ನಿಮಿಷಕ್ಕೆ ಯುಪಿಎಸ್ ನಿಂತುಹೋಯಿತು. ಮೀಟರ್ ಇಟ್ಟರೆ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಿತು. ಲೋಡ್ ಕೊಟ್ಟ ಕೂಡಲೇ, ಅಂದರೆ ಯಂತ್ರಕ್ಕೆ ಜೋಡಿಸಿದ ಕೂಡಲೇ, ಎಂಟಕ್ಕೆ ಕುಸಿಯಿತು. ಇದರ ಜೊತೆಗೇ ಬಂದಿದ್ದ ಇನ್ನೊಂದು ಬ್ಯಾಟರಿಯನ್ನು ಹೋದ ತಿಂಗಳು ಅನುಗೊಂಡನಹಳ್ಳಿಯಲ್ಲಿ, ಅಮ್ಮಯಮ್ಮನ ಆಕ್ಸಿಜನ್ ಮಷಿನ್ನಿನ ಯುಪಿಎಸ್‌ಗೆ ಹಾಕಿದ್ದೆ. ಅವತ್ತು ಹಸಿವಾಗಿತ್ತು. ಮೀಟರ್ ನೋಡಿದೆ, ಲೋಡ್ ಕೊಟ್ಟು ನೋಡಲಿಲ್ಲ.

ಈಗ ಅವರ ಸೊಸೆ ಸಿಂಚನಾಗೆ ಫೋನ್ ಮಾಡಿ, ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡಿರಿ ಎಂದೆ.

“ಅದನ್ನ ಅವತ್ತೇ ವಾಪಸ್ ಕಳಿಸ್ಬಿಟ್ವಿ ಅಣ್ಣ. ನೀವೇ ಓಕೆ ಅಂತ ಬರೆದಿದ್ರಲ್ಲ.”

ಬೆಳಿಗ್ಗೆ ಬರುತ್ತೇನೆ ಎಂದೆ. ಅವರ ಊರಿರುವ ಹೊಸಕೋಟೆ ಕಡೆ ಆಗಲೇ ಮಿಂಚುತ್ತಿದೆ; ಮಳೆ ಬಂದರೆ ಅಲ್ಲಿ ಕರೆಂಟ್ ಹೋಗುತ್ತದೆ. ಬೆಳಿಗ್ಗೆ ಅಲ್ಲ, ಈಗಲೇ ಹೊರಟೆ.