ಮನುಷ್ಯರದಲ್ಲದ ದನಿ

ಭಾನುವಾರ, ಮಧ್ಯಾಹ್ನ

ನಿರ್ದೇಶಕ ಮಹಾಶಯರಿಗೆ,

ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ನಿಮ್ಮ ಕ್ಷೇಮಸಮಾಚಾರ ಈಗ ಪೇಪರಿನಲ್ಲೇ ಬರುತ್ತಿದೆ. ನಾನೂ ಮಗಳೂ ಬೇರೆ ಮನೆ ಮಾಡಿದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ನಿಮ್ಮ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಈಗ ಗೊತ್ತಾಗಿದೆಯಲ್ಲ, ಅದಕ್ಕೇ ಕಾಗದ.

ಚಿತ್ರ ನೋಡಿದೆ. ಬಿಡುಗಡೆಯ ದಿನವೇ, ಗುಬ್ಬಿಯನ್ನು ಕರೆದುಕೊಂಡು ಹೋದೆ. ಅಪ್ಪನ ಮೊದಲ ವೈಜ್ಞಾನಿಕ ಚಿತ್ರ ಎಂದು ನಿಮ್ಮ ಮಗಳು ಕಾಲೇಜಿನಲ್ಲೆಲ್ಲ ಡಂಗುರ ಹೊಡೆದಿದ್ದಳು. ಜನ ಕಿಕ್ಕಿರಿದಿದ್ದರು. ಪಾಪ, ಅವರ ತಪ್ಪೇನು? ಪೋಸ್ಟರಿನಲ್ಲಿ ಉರಿಯುವ ಗ್ರಹ ತೋರಿಸಿದ್ದಿರಿ, ಟ್ರೇಲರಿನಲ್ಲಿ ನೌಕೆಗಳ ಹಿಂಡನ್ನೇ ಹಾರಿಸಿದ್ದಿರಿ. ಒಳಗೆ ಬಂದು ಕೂತರೆ ಬಾಹ್ಯಾಕಾಶದಲ್ಲಿ ಕೆಟ್ಟು ನಿಂತ ಒಂದೇ ಒಂದು ನೌಕೆ, ಅದರೊಳಗೆ ಒಬ್ಬ ಗಡ್ಡದವನು, ಅವನ ಜೊತೆ ಮಾತಾಡುವ ಒಂದು ಯಂತ್ರ. ಸ್ವಲ್ಪ ಹೊತ್ತಿಗೇ ಹಿಂದಿನ ಸಾಲಿನವನೊಬ್ಬ, "ಯುದ್ಧ ಯಾವಾಗಪ್ಪಾ? ಹಾರುತ್ತೆ ಹಾರುತ್ತೆ ಅಂದ್ರು, ಇದು ಪಂಕ್ಚರ್ ಆದ ಲಾರಿ ಥರ ನಿಂತೇ ಇದೆಯಲ್ಲ!" ಎಂದ. ಇಡೀ ಸಾಲು ನಕ್ಕಿತು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ.

ಆಗ ಆ ಯಂತ್ರ ಬಾಯಿ ಬಿಟ್ಟಿತು. "ಎಲ್ಲಿದ್ದೀರಿ? ಊಟ ಆಯ್ತಾ? ಒಂದು ಮಾತು ಹೇಳಿ, ಸಾಕು."

ಗುಬ್ಬಿ ನನ್ನ ತೋಳು ಹಿಡಿದು, "ಅಮ್ಮಾ, ಇದು ನೀನಲ್ವಾ?" ಎಂದಳು. ಅಲ್ಲ ಎಂದೆ. ಕಂಠದಾನದಲ್ಲೇ ಅನ್ನ ಹುಟ್ಟಿಸಿಕೊಂಡವಳು ನಾನು, ಎಷ್ಟೋ ನಾಯಕಿಯರ ಬಾಯಿಗೆ ಮಾತು ಕೊಟ್ಟಿದ್ದೇನೆ, ನನ್ನ ದನಿ ನನಗೆ ಗೊತ್ತಾಗುವುದಿಲ್ಲವೇ? ಆದರೆ ನಿಮ್ಮ ಚಿತ್ರಕ್ಕಾಗಿ ನಾನು ಒಂದಕ್ಷರವನ್ನೂ ಹೇಳಿರಲಿಲ್ಲವಲ್ಲ. ನನ್ನ ಹಾಗೇ ಮಾತಾಡುವ ಯಾರನ್ನೋ ಹಿಡಿದಿದ್ದಾರೆ ಎಂದುಕೊಂಡು ಚಿತ್ರ ನೋಡುತ್ತಾ ಕೂತೆ. ಕೊನೆಗೆ ನೌಕೆಯಲ್ಲಿ ಗಾಳಿ ತೀರುವ ದೃಶ್ಯ ಬಂತು. ಯಂತ್ರ ಹೇಳಿತು: "ಉಸಿರು ನಿಲ್ತಾ ಇದೆ. ಬೇಗ ಬನ್ನಿ."

ಅದು ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಿಮಗೆ ಕಳಿಸಿದ ವಾಯ್ಸ್ ಮೆಸೇಜು. ಒಳಗೆ ಅತ್ತೆ, ನಿಮ್ಮನ್ನು ಹೆತ್ತವರು, ಕೊನೆಯುಸಿರು ಎಳೆಯುತ್ತಿದ್ದರು. ನೀವು ಬರಲಿಲ್ಲ. ಶೂಟಿಂಗಿನಲ್ಲಿ ಫೋನ್ ನೀರಿಗೆ ಬಿತ್ತು, ಅದರಲ್ಲಿದ್ದದ್ದೆಲ್ಲ ಹೋಯಿತು, ನಿನ್ನ ಒಂದು ಮೆಸೇಜೂ ಕೇಳಲಿಲ್ಲ ಎಂದಿರಿ. ನಿಮ್ಮ ತಂಗಿ ನಂಬಲಿಲ್ಲ. "ಅಣ್ಣ ಬೇಕಂತಲೇ ಬಂದಿಲ್ಲ ಅತ್ತಿಗೆ" ಎಂದು ಅತ್ತಳು. ನಾನು ನಂಬಿದೆ. ನಿಮ್ಮ ಪರ ವಹಿಸಿಕೊಂಡು ಅವಳ ಬಾಯಿ ಮುಚ್ಚಿಸಿದೆ. ಅಂದಿನಿಂದ ಅವಳು ನನ್ನ ಮುಖ ನೋಡಿಲ್ಲ. ಈಗ ಹೇಳಿ, ನೀರಿಗೆ ಬಿದ್ದ ಫೋನು ಈಜಿಕೊಂಡು ಸ್ಟುಡಿಯೋಗೆ ಬಂತೇ?

ಸಂಸಾರ ಮಾಡಿದಷ್ಟು ದಿನವೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದವರು, ಹೆಡ್‌ಫೋನ್ ಹಾಕಿಕೊಂಡು ಒಂದೊಂದು ಮೆಸೇಜನ್ನೂ ಕೇಳಿದ್ದೀರಿ. ಹಿಂದಿನ ಫ್ಯಾನಿನ ಸದ್ದು ತೆಗೆದಿದ್ದೀರಿ. ಗಂಟಲು ಕಟ್ಟಿದ ಕಡೆ ಕತ್ತರಿಸಿದ್ದೀರಿ. ಮುಖ್ಯವಾಗಿ, 'ರೀ' ತೆಗೆದಿದ್ದೀರಿ. ನಾನು ಹೇಳಿದ್ದು "ಎಲ್ಲಿದ್ದೀರಿ ರೀ", "ಬೇಗ ಬನ್ನಿ ರೀ". ಆ ಒಂದಕ್ಷರ ಉಳಿದಿದ್ದರೆ ಅದನ್ನು ಯಂತ್ರ ಎಂದು ಯಾರು ನಂಬುತ್ತಿದ್ದರು?

ವಿಮರ್ಶೆಗಳನ್ನೂ ಓದಿದೆ. ಕಥೆ ತೆವಳುತ್ತದೆ, ಗ್ರಾಫಿಕ್ಸು ಮಕ್ಕಳಾಟ, ಪ್ರೇಕ್ಷಕರ ನಿರೀಕ್ಷೆಗೆ ತಣ್ಣೀರು ಎಂದು ಎಲ್ಲರೂ ಒಂದೇ ರಾಗ. ಹೊಗಳಿದ್ದು ಒಂದನ್ನೇ. "ಭಾವನೆಯ ಲವಲೇಶವೂ ಇಲ್ಲದ ಆ ದನಿ ಮನುಷ್ಯರ ಗಂಟಲಿನಿಂದ ಹೊರಡಲು ಸಾಧ್ಯವಿಲ್ಲ" ಎಂದು ದೊಡ್ಡ ಪತ್ರಿಕೆಯ ವಿಮರ್ಶಕ ಬರೆದಿದ್ದಾನೆ. ಭಾವನೆ ಇತ್ತು ಸ್ವಾಮಿ, ಕತ್ತರಿಸಿ ಬಿಸಾಕಿದ್ದಾರೆ. ಅದರ ಪಕ್ಕದಲ್ಲೇ ನಿಮ್ಮ ಸಂದರ್ಶನ, ನಗುಮುಖದ ಫೋಟೋ: ತಿಂಗಳುಗಟ್ಟಲೆ ಕೂತು ಕಂಪ್ಯೂಟರಿನಲ್ಲೇ ಹುಟ್ಟಿಸಿದ ದನಿಯಂತೆ ಅದು.

ಮೊನ್ನೆ ಹೊಸ ಧಾರಾವಾಹಿಯೊಂದಕ್ಕೆ ದನಿ ಪರೀಕ್ಷೆಗೆ ಹೋಗಿದ್ದೆ. ಗಾಜಿನಾಚೆ ಕೂತ ಸೌಂಡ್ ಇಂಜಿನಿಯರು ಎರಡು ಸಾಲು ಕೇಳಿ, "ಮೇಡಂ, ಆ ಸಿನಿಮಾದ ಕಂಪ್ಯೂಟರ್ ಥರ ಯಾಕೆ ಮಾತಾಡ್ತೀರಿ? ಬಂದೋರೆಲ್ಲ ಅದನ್ನೇ ಕಾಪಿ ಹೊಡೀತಾರೆ. ನಿಮ್ಮ ದನೀಲಿ ಹೇಳಿ" ಎಂದ. ನನ್ನ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ತಲೆ ಅಲ್ಲಾಡಿಸಿದ. ಕೆಲಸ ಬೇರೆಯವಳ ಪಾಲಾಯಿತು. ನನ್ನ ಹತ್ತಿರ ಇದ್ದದ್ದು ಅದೊಂದೇ ಆಸ್ತಿ. ಅದರಲ್ಲೇ ಗುಬ್ಬಿಯ ಓದು, ಈ ಮನೆಯ ಬಾಡಿಗೆ. ಈಗ ನನ್ನ ಗಂಟಲಿಗೆ ನಾನೇ ನಕಲಿ!

ಗುಬ್ಬಿ ನಿಮ್ಮನ್ನು ನೇರವಾಗಿ ಕೇಳಿಯೇಬಿಟ್ಟಳಂತೆ. ಆಮೇಲೆ ತಾನೇ ನಿಮ್ಮ ಸಂದೇಶ ಬಂದದ್ದು: "ಸದ್ಯಕ್ಕೆ ಬಾಯಿ ಬಿಡಬೇಡ. ಚಿತ್ರ ಉಳಿದಿರೋದೇ ಆ ದನಿಯಿಂದ. ಮುಂದಿನದಕ್ಕೆ ನಿನ್ನನ್ನೇ ಕರೀತೀನಿ." ಮೊದಲೇ ಕರೆಯಬಹುದಿತ್ತಲ್ಲ? ಬಂದು ಹೇಳಿ ಹೋಗುತ್ತಿದ್ದೆ, ಗಂಡನ ಚಿತ್ರ ಎಂದು ಬಿಟ್ಟಿಯಾಗಿ.

ಬಾಯಿ ಬಿಡುತ್ತೇನೆ. ಆ ವಿಮರ್ಶಕನಿಗೆ ಫೋನ್ ಮಾಡಿದ್ದೇನೆ. ಎರಡು ಮಾತಾಡುವಷ್ಟರಲ್ಲಿ ಅವನು ದನಿಯ ಗುರುತು ಹಿಡಿದ. ನಾಳೆ ಬೆಳಿಗ್ಗೆ ಮನೆಗೆ ಬರುತ್ತಾನೆ. ನನ್ನ ಫೋನು ಯಾವ ನೀರಿಗೂ ಬಿದ್ದಿಲ್ಲ; ಕಳಿಸಿದ್ದೆಲ್ಲ ಹಾಗೇ ಇದೆ. 'ರೀ' ಸಮೇತ ಕೇಳಿಸುತ್ತೇನೆ. ಆಸ್ಪತ್ರೆಯ ಮೆಸೇಜು ಮಾತ್ರ ಅವನಿಗಿಲ್ಲ. ಅತ್ತೆಯ ಸಾವನ್ನು ಪೇಪರಿಗೆ ಹಾಕಿಸುವಷ್ಟು ನಾನು ಕಲಾವಿದೆಯಲ್ಲ. ಅದನ್ನು ನಿಮ್ಮ ತಂಗಿಗೆ ಕೇಳಿಸಿ, ಅವಳ ಕ್ಷಮೆ ಕೇಳುತ್ತೇನೆ. ನಿಮ್ಮ ಚಿತ್ರ ಮುಳುಗುತ್ತದೆಯೋ ತೇಲುತ್ತದೆಯೋ, ಅದು ನಿಮಗೆ ಬಿಟ್ಟದ್ದು.

ಇಂತಿ,
ದನಿಯ ಒಡತಿ

ತಾ.ಕ.: ಗುಬ್ಬಿಗೆ ಹೇಳದೆ ನಿನ್ನೆ ಇನ್ನೊಮ್ಮೆ ಹೋಗಿದ್ದೆ. ಥಿಯೇಟರು ಬಿಕೋ ಎನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು ಬರೀ ಕೇಳಿದೆ. ಯಂತ್ರ ಕರೆದಾಗಲೆಲ್ಲ ಆ ಗಡ್ಡದವನು ಓಗೊಡುತ್ತಾನೆ. "ಇಲ್ಲೇ ಇದ್ದೀನಿ" ಎನ್ನುತ್ತಾನೆ. "ಬಂದೆ, ಹೆದರಬೇಡ" ಎನ್ನುತ್ತಾನೆ. ಅವನ ಮಾತು ಬರೆದವರು ನೀವೇ ತಾನೇ? ಹಾಗಾದರೆ ಏನು ಹೇಳಬೇಕಿತ್ತು ಎಂದು ನಿಮಗೆ ಗೊತ್ತಿತ್ತು.